ಸೋಯಾ ತಳಿ: ‘ಎಕರೆಗೆ ಎಷ್ಟು’ ಅಂತ ಮೊದ್ಲೇ ಕೇಳ್ಬೇಡಿ

ಶುಂಠಿ ರೇಟು ಬಿದ್ಮೇಲೆ ಕುಶಾಲನಗರದಲ್ಲಿರೋ ನಮ್ಮ ಭಾವಂಗೆ ಸೋಯಾ ಹುಚ್ಚು ಹಿಡಿದಿದೆ. ನೈಜೀರಿಯಾದಲ್ಲಿ ಬೇರೆ ಬೇರೆ ಸೋಯಾ ತಳಿ ಬಿತ್ತಿ ಹೋಲಿಸೋ ಯಾವ್ದೋ ಟ್ರಯಲ್ ವಿಡಿಯೋ ತೋರ್ಸಿ ‘ಇದ್ರಲ್ಲಿ ಯಾವ್ದು ಜಾಸ್ತಿ ಬರುತ್ತೆ ಹೇಳೋ ಮಾರಾಯ’ ಅಂತಾರೆ. ಅಷ್ಟು ಸುಲಭಕ್ಕೆ ಹೇಳೋ ಹಾಗಿದ್ರೆ ಟ್ರಯಲ್ ಯಾಕೆ ಬೇಕಿತ್ತು ಭಾವ!

ಸೋಯಾ ಹಗಲು ಕಮ್ಮಿಯಾದ್ರೆ ಹೂ ಬಿಡೋ ಗಿಡ. ಸಮಭಾಜಕದ ಹತ್ರ ಹಗಲು ವರ್ಷವಿಡೀ ಹನ್ನೆರಡು ಗಂಟೆ ಆಸುಪಾಸು, ಹಾಗಾಗಿ ತಂಪು ದೇಶದ ತಳಿ ಅಲ್ಲಿ ಬಿತ್ತಿದ್ರೆ ಗಿಡ ಮೇಲೇಳೋ ಮುಂಚೆನೇ ಹೂ ಬಿಟ್ಟು ಕೆಲಸ ಮುಗಿಸ್ಬಿಡುತ್ತೆ, ಕಾಯಿ ಹಿಡಿಯೋಕೆ ಗೆಣ್ಣೇ ಇರಲ್ಲ. ಬ್ರೆಜಿಲ್‌ನ ಸೆರಾಡೋ ಅನ್ನೋ ಹುಲ್ಲುಗಾವಲು ಸೀಮೇಲಿ ಸೋಯಾ ನಿಂತಿದ್ದು ಹೂ ತಡ ಮಾಡೋ ತಳಿ ಮಾಡಿದ್ಮೇಲೆ, ಜೊತೆಗೆ ಅಲ್ಲಿನ ಹುಳಿ ಮಣ್ಣಿಗೆ ಸುಣ್ಣ ಸುರಿದು.

ಆಫ್ರಿಕಾದ ಸವನ್ನಾದಲ್ಲಿ, ಅಂದ್ರೆ ಅಲ್ಲಿನ ಹುಲ್ಲುಗಾವಲು ಸೀಮೇಲಿ, ತಲೆನೋವು ಬೇರೆ. ಅಮೆರಿಕದ ತಳಿಗೆ ಅದಕ್ಕೇ ಅಂತ ಇರೋ ರೈಜೋಬಿಯಂ, ಅಂದ್ರೆ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ, ಅದರ ಪ್ಯಾಕೆಟ್ ಬೇಕು, ಹಳ್ಳೀಲಿ ಅದೆಲ್ಲಿ ಸಿಗ್ಬೇಕು? ಅದಕ್ಕೆ ನೈಜೀರಿಯಾದ ಇಬಾದಾನ್‌ನ ಐಐಟಿಎ, 1967ರಲ್ಲಿ ಶುರುವಾದ ಕೃಷಿ ಸಂಶೋಧನಾ ಸಂಸ್ಥೆ, ಊರಿನ ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಜೊತೆಗೇ ಗಂಟು ಕಟ್ಟೋ ಟಿಜಿಎಕ್ಸ್ ತಳಿಗಳನ್ನ ಮಾಡ್ತು, ಟಿಜಿಎಕ್ಸ್ 1448-2ಇ ಅಂತದ್ದು. ಹೂ ಬಿಡೋ ಹೊತ್ತಿಗೆ ಗಿಡ ಮೆಲ್ಲಗೆ ಅಗೆದು ಮಣ್ಣು ತೊಳೆದು ಬೇರಿನ ಗಂಟನ್ನ ಉಗುರಲ್ಲಿ ಸೀಳಿ ನೋಡ್ಬೇಕು, ಒಳಗೆ ಕೆಂಪಗಿದ್ರೆ ಸಾರಜನಕ ಹಿಡೀತಿದೆ ಅಂತ, ಬೂದು ಇಲ್ಲ ಹಸಿರು ಬಣ್ಣ ಇದ್ರೆ ಗಂಟು ಎಷ್ಟಿದ್ರೂ ವೇಸ್ಟು. ಇಳುವರಿ ಲೆಕ್ಕಕ್ಕಿಂತ ನಂಗೆ ಇದೇ ಇಷ್ಟ.

ಇನ್ನು ತೂಕ. ಟ್ರಯಲ್‌ನಲ್ಲಿ ಒಂದೊಂದು ತಳೀನೂ ಮೂರ್ನಾಲ್ಕು ಕಡೆ ಚೀಟಿ ಎತ್ತಿದ ಹಾಗೆ ಹಂಚಿ ಬಿತ್ತಿರ್ತಾರೆ, ಅಂಚಿನ ಸಾಲಿಗೆ ಬಿಸಿಲು ಜಾಸ್ತಿ ಸಿಗೋದ್ರಿಂದ ಅದನ್ನ ಬಿಟ್ಟು ನಡುವಿನ ಸಾಲು ಮಾತ್ರ ಕೊಯ್ತಾರೆ, ಕಾಳಿನ ತೇವ ಎಲ್ಲಕ್ಕೂ ಒಂದೇ ಲೆಕ್ಕಕ್ಕೆ ತಂದು ಆಮೇಲೆ ಹೆಕ್ಟೇರಿಗೆ ಇಷ್ಟು ಅಂತ ಬರೀತಾರೆ. ಕೊಯ್ಲು ತಡ ಆದ್ರೆ ಒಣ ಗಾಳಿಗೆ ಕಾಯಿ ಪಟಪಟ ಸಿಡಿದು ಕಾಳು ನೆಲದ ಪಾಲು, ಅದನ್ನೂ ನೋಡ್ಬೇಕು. ಮತ್ತೆ ಒಂದೇ ಊರಿನ ನಂಬರ್ ನಂಬಂಗಿಲ್ಲ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ವ್ಯತ್ಯಾಸ ಇದೆ ಅಂತ ನಮಗೆ ಗೊತ್ತಲ್ವಾ, ನೈಜೀರಿಯಾದಲ್ಲೂ ಮೊಕ್ವಾ ಅನ್ನೋ ಊರಲ್ಲಿ ಗೆದ್ದಿದ್ದು ಉತ್ತರದ ಝಾರಿಯಾದಲ್ಲಿ ಹಿಂದೆ ಬೀಳ್ಬಹುದು, ಅದಕ್ಕೇ ಎರಡ್ಮೂರು ವರ್ಷ ಬೇರೆ ಬೇರೆ ಜಾಗದಲ್ಲಿ ಹಾಕಿ ಎಲ್ಲಾ ಕಡೆ ಸುಮಾರಾಗಿ ನಿಲ್ಲೋದು ಯಾವ್ದು ಅಂತ ಹುಡುಕೋದು.

ಭಾವಂಗೆ ನಾನು ಹೇಳಿದ್ದು ಇಷ್ಟೇ, ಆಫ್ರಿಕಾ ಬೀಜ ಬಿಡಿ, ಜಬಲ್‌ಪುರದ ಜೆಎಸ್ 335 ಇದೆ, ಧಾರವಾಡದ ಡಿಎಸ್‌ಬಿ 21 ಇದೆ. ಮೊದಲ್ನೇದಕ್ಕೆ ತುಕ್ಕು ರೋಗ ಬೇಗ ಹತ್ತುತ್ತೆ, ಎರಡನೇದು ತಡ್ಕೊಳುತ್ತೆ, ನಮ್ಮ ಥಂಡಿಗೆ ಅದೇ ದೊಡ್ಡ ವಿಷ್ಯ. ಎರಡನ್ನೂ ಸ್ವಲ್ಪ ಸ್ವಲ್ಪ ಜಾಗದಲ್ಲಿ ಅಕ್ಕಪಕ್ಕ ಹಾಕಿ, ಬೇರೆ ಬೇರೆ ಚೀಲಕ್ಕೆ ತುಂಬ್ಸಿ ತೂಗಿ. ‘ಚೀಲದ ಮೇಲೆ ಹೆಸರು ಬರಿಯೋದು ನಿನ್ ಕೆಲಸ’ ಅಂದ್ರು.