ಹಳೆ ಮಿಲಿಟರಿ ಬ್ಯಾಗು ಕೊಳ್ಳುವ ಮುಂಚೆ

ನಮ್ಮ ಮಂಗಳೂರಿನ ಹವೆಗೆ ಹಳೆ ಮಿಲಿಟರಿ ಬ್ಯಾಗು ಮೊದಲು ಹಾಳಾಗುವುದು ಒಳಗಡೆ. ನೈಲಾನ್ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ. ನೀರು ತಡೆಯಲು ಬಳಿದ ಪಾಲಿಯುರೆಥೇನ್ ಲೇಪ ಮಾತ್ರ ತೇವಾಂಶಕ್ಕೆ ಅಂಟಂಟಾಗಿ, ಕೊನೆಗೆ ಹೊಟ್ಟಿನ ಹಾಗೆ ಉದುರುತ್ತದೆ. ತಳದವರೆಗೆ ಕೈ ಹಾಕಿ ಉಜ್ಜಿ ನೋಡಿ. ಬೆರಳಿಗೆ ಅಂಟಿದರೆ, ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

ಆಮೇಲೆ ಹೆಗಲಪಟ್ಟಿಯ ಬುಡದ ಹೊಲಿಗೆ. ಜೋರಾಗಿ ಎಳೆದಾಗ ಸೂಜಿತೂತು ಅಗಲವಾಗಬಾರದು. 20 ಕಿಲೋ ಹೊರುವುದಾದರೆ ಫ್ರೇಮು, ಸೊಂಟದ ಪಟ್ಟಿ ಎರಡೂ ಬೇಕೇ ಬೇಕು. ಅಮೆರಿಕ ಸೇನೆಯ ಹಳೆ ಬೆನ್ನುಚೀಲ ಆಲಿಸ್ (ALICE) ಆದರೆ ಅಲ್ಯೂಮಿನಿಯಂ ಫ್ರೇಮಿನ ರಿವೆಟ್ ಅಲುಗಾಡುತ್ತದೆಯೇ, ಕೊಳವೆ ಬಿರುಕು ಬಿಟ್ಟಿದೆಯೇ ನೋಡಿ. ಭಾರದ ಸಾಮಾನು ಬೆನ್ನಿಗೆ ತಾಗಿಯೇ ಇರಲಿ.

ಪಣಂಬೂರು, ಮಲ್ಪೆ ಕಡಲತೀರದ ಉಪ್ಪುಗಾಳಿಯಲ್ಲಿ ಓಡಾಡಿದ ಬ್ಯಾಗಿನ ಲೋಹದ ಬಕಲ್ಲುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಅಟ್ಟಕ್ಕೆ ಎಸೆದರೆ ಬೂಷ್ಟು ಗ್ಯಾರಂಟಿ.