ಬಲಗಡೆ ಸೀಟಿನಲ್ಲಿ ಕೂತವನು ಯಾರ ಕೆಲಸಗಾರ?

"ಕಲಿಯೋ ಹುಡುಗನಿಗೆ ಯೂನಿಯನ್ ಯಾಕೆ ಬೇಕು ಸರ್? ಮೊದಲು ಕಲೀಲಿ, ಆಮೇಲೆ ಹಕ್ಕು-ಗಿಕ್ಕು ನೋಡ್ಕೊಳ್ಳೋಣ."

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಪರಿಚಿತರೊಬ್ಬರು ಈ ವಾರ ಫೋನಿನಲ್ಲಿ ಹೇಳಿದ ಮಾತಿದು. ಅವರ ಮಗನಿಗೆ ಏರ್‌ಲೈನ್ ಒಂದರ ಕೆಡೆಟ್, ಅಂದರೆ ತರಬೇತಿ ಪೈಲಟ್, ಯೋಜನೆಯಲ್ಲಿ ಸೀಟು ಸಿಕ್ಕಿದೆ. ಕರಾರುಪತ್ರ ಓದಿ ನೋಡಿ ಅಂತ ಕಳಿಸಿದ್ದರು. ಸಹಿಗೆ ಮುಂಚೆ ಪೈಲಟ್ ಯೂನಿಯನ್‌ಗೊಮ್ಮೆ ತೋರಿಸಿ ಅಂದದ್ದಕ್ಕೆ ಸಿಕ್ಕ ಉತ್ತರ ಅದು. ಒಳ್ಳೆಯ ಮನುಷ್ಯ, ಸಾಲ ಮಾಡಿ ಮಗನನ್ನು ಫ್ಲೈಯಿಂಗ್ ಸ್ಕೂಲಿಗೆ ಹಾಕಿದವರು. ಎದುರು ಪ್ರಶ್ನೆ ಕೇಳಿದರೆ ಸಿಕ್ಕ ಅವಕಾಶ ಕೈತಪ್ಪೀತು ಎಂಬ ಭಯ ಅವರದು. ಇಂಥ ಕರಾರುಗಳೆಲ್ಲ ನಿಂತಿರುವುದು ಆ ಭಯದ ಮೇಲೆಯೇ.

ಕಲಿಯೋ ಹುಡುಗ. ಈ ಎರಡು ಪದಗಳಲ್ಲೇ ತಕರಾರು ಪೂರ್ತಿ ಅಡಗಿದೆ. ಕಲಿಕೆ ಎಲ್ಲಿ ಮುಗಿಯುತ್ತದೆ, ದುಡಿಮೆ ಎಲ್ಲಿ ಶುರುವಾಗುತ್ತದೆ?

ಫ್ಲೈಯಿಂಗ್ ಸ್ಕೂಲಿನಲ್ಲಿ ಸಣ್ಣ ವಿಮಾನ ಹಾರಿಸಿ ಕಮರ್ಷಿಯಲ್ ಲೈಸೆನ್ಸ್ ಪಡೆಯುವವರೆಗೆ ಅವನು ವಿದ್ಯಾರ್ಥಿ, ಖರ್ಚು ಅವನದೇ. ಅದರಲ್ಲಿ ಯಾರಿಗೂ ತಕರಾರಿಲ್ಲ. ಆಮೇಲೆ ಏರ್‌ಲೈನ್ ಅವನನ್ನು ತೆಗೆದುಕೊಂಡು ಏರ್‌ಬಸ್ ಎ320ಯಂಥ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಮಾಡಿಸುತ್ತದೆ. ಮೊದಲು ಹೈಡ್ರಾಲಿಕ್, ವಿದ್ಯುತ್, ಫ್ಲೈಟ್ ಕಂಟ್ರೋಲ್ ವ್ಯವಸ್ಥೆಗಳ ಪಾಠ. ನಂತರ ಸಿಮ್ಯುಲೇಟರ್. ಒಂದೊಂದು ಸೆಷನ್ ಸುಮಾರು ನಾಲ್ಕು ಗಂಟೆಯದು, ಇಬ್ಬರು ಕಲಿಕೆಯವರು ಜೋಡಿಯಾಗಿ ಕೂತು ಅರ್ಧ ಹೊತ್ತು ಒಬ್ಬ ಹಾರಿಸುತ್ತಾನೆ, ಇನ್ನರ್ಧ ಇನ್ನೊಬ್ಬ. ಟೇಕಾಫ್ ಓಟದಲ್ಲಿ ಇನ್ನು ನಿಲ್ಲಿಸಲಾಗದ ವೇಗ ದಾಟಿದ ಮೇಲೆ ಒಂದು ಎಂಜಿನ್ ಕೆಡುವುದು, ಒಂದೇ ಎಂಜಿನ್‌ನಲ್ಲಿ ಇಳಿಯುವುದು, ಇಳಿಯಲಾರದೆ ಮತ್ತೆ ಮೇಲೇರುವುದು, ಇವನ್ನೆಲ್ಲ ಬೆವರಿಳಿಯುವಷ್ಟು ಮಾಡಿಸುತ್ತಾರೆ. ಆಮೇಲೆ ಖಾಲಿ ವಿಮಾನದಲ್ಲಿ ಸುತ್ತು ಹೊಡೆದು ಇಳಿಸುವ ಬೇಸ್ ಟ್ರೇನಿಂಗ್.

ಕೊನೆಯದು ಲೈನ್ ಟ್ರೇನಿಂಗ್. ಹೆಸರಿನಲ್ಲಿ ಟ್ರೇನಿಂಗ್ ಇದೆ, ನಿಜ. ಆದರೆ ಹಿಂದಿನ 180 ಸೀಟುಗಳಲ್ಲಿ ಟಿಕೆಟ್ ಕೊಂಡವರು ಕೂತಿರುತ್ತಾರೆ. ಎಡಗಡೆ ಟ್ರೇನಿಂಗ್ ಕ್ಯಾಪ್ಟನ್, ಬಲಗಡೆ ಈ ಹುಡುಗ. ಮೊದಮೊದಲ ಹಾರಾಟಗಳಲ್ಲಿ ಬೆನ್ನ ಹಿಂದಿನ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಕಾವಲಿಗಿರುತ್ತಾನೆ, ಅವನೂ ಕ್ರಮೇಣ ಎದ್ದು ಹೋಗುತ್ತಾನೆ. ರೇಡಿಯೋದಲ್ಲಿ ಉತ್ತರಿಸುವವನು, ಚೆಕ್‌ಲಿಸ್ಟ್ ಓದುವವನು, ಸುತ್ತು ಹಾಕಿ ಟೈರು ನೋಡಿ ಬರುವವನು ಇವನೇ. ಈ ಹಾರಾಟದಿಂದ ಕಂಪನಿಗೆ ದುಡ್ಡು ಬರುತ್ತದೆ. ಇವನನ್ನು ಕೆಲಸಗಾರನಲ್ಲ ಎನ್ನಲು ಯಾವ ಬಾಯಿ ಬರಬೇಕು?

ಆಸ್ಟ್ರೇಲಿಯಾದ ಪೈಲಟ್ ಯೂನಿಯನ್‌ಗಳು ವರ್ಷಗಳಿಂದ ಹಿಡಿದಿರುವ ವಾದ ಇದೇ. 2010ರ ಜನವರಿಯಿಂದ ಜಾರಿಗೆ ಬಂದ ಅಲ್ಲಿನ ಏರ್ ಪೈಲಟ್ಸ್ ಅವಾರ್ಡ್‌ನಲ್ಲಿ, ಅಂದರೆ ಪೈಲಟ್ ವೃತ್ತಿಗೆ ಕನಿಷ್ಠ ವೇತನ, ಷರತ್ತು ಗೊತ್ತುಮಾಡುವ ಕಾನೂನಿನಲ್ಲಿ, ಸ್ಪಷ್ಟವಾಗಿದೆ: ಇಂಥ ವಿಮಾನಕ್ಕೆ ಇಂಥ ಅರ್ಹತೆ ಬೇಕೆಂದು ಮಾಲೀಕನೇ ಕೇಳಿದರೆ ಅದನ್ನು ಗಳಿಸುವ, ಉಳಿಸಿಕೊಳ್ಳುವ ಖರ್ಚು ಮಾಲೀಕನದು. ಅವಾರ್ಡ್ ವ್ಯಾಪ್ತಿಯಲ್ಲಿದ್ದರೆ ಟೈಪ್ ರೇಟಿಂಗ್ ಖರ್ಚು ಕಂಪನಿಯ ತಲೆ ಮೇಲೆ, ಹೊರಗಿದ್ದರೆ ಅದನ್ನು ಹುಡುಗನ ತಲೆಗೆ ಕಟ್ಟಬಹುದು. ವ್ಯಾಪ್ತಿಗಾಗಿ ಇಷ್ಟು ಕಿತ್ತಾಟ ಅದಕ್ಕೇ.

ಹೊರಗಿಡುವ ಸುಲಭ ದಾರಿ, ಬೇರೆ ದೇಶದ ಕಂಪನಿಯ ಹೆಸರಿನಲ್ಲಿ ಕರಾರು. ಆಸ್ಟ್ರೇಲಿಯಾದ ಏರ್‌ಲೈನ್ ಜೆಟ್‌ಸ್ಟಾರ್‌ನ ಆರು ಕೆಡೆಟ್‌ಗಳ ಪ್ರಕರಣ ಹಾಗೆಯೇ ಶುರುವಾಯಿತು. ಮೊದಲು ನ್ಯೂಜಿಲೆಂಡ್ ಕಂಪನಿಯ ಕರಾರು, ತರಬೇತಿ ಖರ್ಚು ಅವರ ಮೇಲೆ. ಆಮೇಲೆ ಆಸ್ಟ್ರೇಲಿಯಾದಲ್ಲೇ ಕೆಲಸ, ಆದರೂ ಸಂಬಳದಿಂದ ಆ ಖರ್ಚಿನ ಮುರಿತ. ಕೆಲಸಗಾರರ ಹಕ್ಕು ಕಾಯುವ ಸರ್ಕಾರಿ ಅಧಿಕಾರಿ ಫೇರ್ ವರ್ಕ್ ಒಂಬುಡ್ಸ್‌ಮನ್ ಕೋರ್ಟಿಗೆ ಹೋದರು. 2014ರಲ್ಲಿ ಫೆಡರಲ್ ಕೋರ್ಟ್ 90,000 ಡಾಲರ್ ದಂಡ ಹಾಕಿತು. ಸಣ್ಣ ಮೊತ್ತ ಅನ್ನಿಸಬಹುದು, ಆದರೆ ಮೊದಲು ನ್ಯೂಜಿಲೆಂಡ್ ಕಾಗದಕ್ಕೆ ಸಹಿ ಹಾಕಿದ್ದರೂ ಆಸ್ಟ್ರೇಲಿಯಾದಲ್ಲಿ ದುಡಿಯುವಾಗ ಈ ಕೆಡೆಟ್‌ಗಳಿಗೆ ಅಲ್ಲಿನ ಕಾನೂನೇ ಎಂಬುದು ಗಟ್ಟಿಯಾಯಿತು.

ಎಲ್ಲ ಸಲವೂ ಯೂನಿಯನ್ ಗೆಲ್ಲುವುದಿಲ್ಲ. ಕ್ವಾಂಟಾಸ್‌ಗಾಗಿ ಟಾಸ್ಮನ್ ಸಮುದ್ರದಾಚೆ ಹಾರುತ್ತಿದ್ದ ಜೆಟ್‌ಕನೆಕ್ಟ್ ಪೈಲಟ್‌ಗಳನ್ನು ಆಸ್ಟ್ರೇಲಿಯಾದ ಷರತ್ತಿನಡಿ ತರಲು ಹೊರಟ ಎಐಪಿಎ ಎಂಬ ಪೈಲಟ್ ಯೂನಿಯನ್ 2011ರಲ್ಲಿ ಸೋತಿತು. ಆ ಪೈಲಟ್‌ಗಳಿಗೆ ಕೆಲಸ ಕೊಟ್ಟ ಕಂಪನಿ ನ್ಯೂಜಿಲೆಂಡಿನದು, ನೆಲೆಯೂ ಅಲ್ಲಿನದೇ. ಹಾಗಾಗಿ ಕರಾರಿನಲ್ಲಿ ನಾನು ಮೊದಲು ಹುಡುಕುವುದು ಸಂಬಳವನ್ನಲ್ಲ. ಮಾಲೀಕ ಅಂತ ಯಾವ ಕಂಪನಿಯ ಹೆಸರಿದೆ, ಹುಡುಗನ ಬೇಸ್, ಅಂದರೆ ಕೆಲಸದ ನೆಲೆ, ಯಾವ ಊರು, ಈ ಎರಡನ್ನು.

ಪರಿಚಿತರು ಕಳಿಸಿದ ಕರಾರಿನಲ್ಲಿ ಬೇಸ್ ಎಂಬ ಜಾಗದಲ್ಲಿ "ಕಂಪನಿ ಸೂಚಿಸಿದಂತೆ" ಅಂತಿತ್ತು. ಅದಕ್ಕಿಂತ ಕೆಟ್ಟದ್ದು ಬಾಂಡ್ ಪುಟ, ಅಂದರೆ ಬೇಗ ಕೆಲಸ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕಟ್ಟಬೇಕೆನ್ನುವ ಪುಟ. ಚೆಕ್‌ನಲ್ಲಿ, ಅಂದರೆ ಹಾರಾಟದ ಪರೀಕ್ಷೆಯಲ್ಲಿ, ಫೇಲಾದರೆ ಹೆಚ್ಚುವರಿ ಸಿಮ್ಯುಲೇಟರ್ ಖರ್ಚು ಯಾರದು, ಪೈಲಟ್ ಕೆಲಸಕ್ಕೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ ಹೋದರೆ ಬಾಂಡ್ ಏನಾಗುತ್ತದೆ, ಕಂಪನಿಯೇ ತೆಗೆದುಹಾಕಿದರೆ ಬಾಕಿ ಕಟ್ಟಬೇಕೋ ಬೇಡವೋ, ಒಂದಕ್ಕೂ ಉತ್ತರವಿಲ್ಲ. ಅವಾರ್ಡ್ ಪ್ರಕಾರ ಗುಣಮಟ್ಟ ಮುಟ್ಟದ ಪೈಲಟ್‌ಗೆ ಮರುತರಬೇತಿ, ಮತ್ತೊಂದು ಚೆಕ್ ಕೊಡಬೇಕು. ಆ ಮಾತೇ ಇಲ್ಲಿಲ್ಲ.

"ಮೊದಲು ಕಲೀಲಿ" ಎನ್ನುವವರಿಗೆ ಇದು ಬರೀ ದುಡ್ಡಿನ ಲೆಕ್ಕ ಅನ್ನಿಸುತ್ತದೆ. ಅಲ್ಲ. ಹೊಸ ಫಸ್ಟ್ ಆಫೀಸರ್‌ಗೆ, ಅಂದರೆ ಬಲಗಡೆ ಕೂತ ಸಹ-ಪೈಲಟ್‌ಗೆ, ನಿದ್ದೆ ಸಾಲದಿದ್ದರೆ "ಇವತ್ತು ಹಾರುವ ಸ್ಥಿತಿಯಲ್ಲಿಲ್ಲ" ಎನ್ನಬೇಕು. ಕ್ಯಾಪ್ಟನ್ ಇಳಿಸುವುದು ಸರಿಯಿಲ್ಲ ಅನ್ನಿಸಿದರೆ "ಗೋ ಅರೌಂಡ್", ಅಂದರೆ ಇಳಿಸದೆ ಮತ್ತೆ ಮೇಲೇರಿಸಿ, ಎನ್ನಬೇಕು. ನಾಳೆ ಕೆಲಸ ಹೋದರೆ ಬಾಂಡ್ ಸಾಲ ಪೂರ್ತಿ ಮೈಮೇಲೆ ಬೀಳುತ್ತದೆ ಎಂದಿರುವ ಇಪ್ಪತ್ತೆರಡರ ಹುಡುಗ ಆ ಮಾತು ಆಡಲು ಎಷ್ಟು ಹಿಂಜರಿದಾನು! ಆಸ್ಟ್ರೇಲಿಯಾದ ಸೆನೆಟ್ 2010-11ರಲ್ಲಿ, ಸೆನೆಟರ್ ನಿಕ್ ಝೆನೊಫನ್ ಪಟ್ಟುಹಿಡಿದ ಮೇಲೆ, ಪೈಲಟ್ ತರಬೇತಿ ಮತ್ತು ವಿಮಾನ ಸುರಕ್ಷತೆ ಎರಡನ್ನೂ ಒಂದೇ ವಿಚಾರಣೆಯಲ್ಲಿ ನೋಡಿದ್ದು ಸುಮ್ಮನಲ್ಲ. ಹಿಂದಿನ ಸೀಟಿನಲ್ಲಿ ಕೂತ ನಮಗೂ ಈ ಹುಡುಗನ ಕರಾರಿಗೂ ನೇರ ಸಂಬಂಧವಿದೆ.

ಪರಿಚಿತರಿಗೆ ಹೇಳಿದ್ದು ಇಷ್ಟು. ಬಾಂಡ್ ಇರಲಿ ಎಂದೇ ಒಪ್ಪುವುದಾದರೂ, ಅವನು ಕೆಲಸದಲ್ಲಿದ್ದಷ್ಟೂ ತಿಂಗಳು ತಿಂಗಳು ಮೊತ್ತ ಎಷ್ಟು ಇಳಿಯುತ್ತದೆ ಎಂಬ ಕೋಷ್ಟಕ ಕರಾರಿನೊಳಗೇ ಇರಬೇಕು. ಬೇಸ್ ಯಾವ ಊರು, ಅವಾರ್ಡ್ ಅನ್ವಯಿಸುತ್ತದೋ ಇಲ್ಲವೋ, ಎರಡನ್ನೂ ಇ-ಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ತರಿಸಿಕೊಳ್ಳಿ. ಬಂದ ಉತ್ತರವನ್ನು ಕರಾರಿನ ಜೊತೆ ಇಟ್ಟು, ಸಹಿ ಹಾಕುವ ಮುಂಚೆಯೇ ಮಗ ಯೂನಿಯನ್ ಕಚೇರಿಯಲ್ಲಿ ತೋರಿಸಲಿ.