ಕಪ್ಪು, ಖಾಲಿ, ಖಾಲಿ, ಕಪ್ಪು: ಮುಂದಿನದು ಯಾವುದು?

ಆಕೃತಿ ಸರಣಿಯ ಪ್ರಶ್ನೆ ಬರೆಯುವುದು, ಅದನ್ನು ತರಗತಿಯಲ್ಲಿ ಹೇಳಿಕೊಡುವುದು ನನ್ನ ಕೆಲಸ. ಒಂದು ಸಾಲಿನಲ್ಲಿ ವೃತ್ತ, ಚೌಕ, ತ್ರಿಕೋನ ಇರುತ್ತವೆ. ಕೆಲವು ಕಪ್ಪು, ಕೆಲವು ಖಾಲಿ, ಕೆಲವಕ್ಕೆ ಓರೆ ಗೆರೆ. ಮುಂದಿನ ಚಿತ್ರ ಯಾವುದು ಅಂತ ಕೇಳುತ್ತೇವೆ.

ಸೇರಿದ ಹೊಸದರಲ್ಲಿ ಒಂದು ಸುಲಭದ ಪ್ರಶ್ನೆ ಬರೆದೆ. ನಾಲ್ಕು ವೃತ್ತಗಳು: ಕಪ್ಪು, ಖಾಲಿ, ಖಾಲಿ, ಕಪ್ಪು. ಐದನೆಯದು ಯಾವುದು? ನನ್ನ ತಲೆಯಲ್ಲಿದ್ದದ್ದು ‘ಕಪ್ಪು, ಖಾಲಿ, ಖಾಲಿ’ ಎಂಬ ಮೂರರ ಸುತ್ತು. ನಾಲ್ಕನೆಯದರಿಂದ ಹೊಸ ಸುತ್ತು ಶುರು, ಹಾಗಾಗಿ ಐದನೆಯದು ಖಾಲಿ. ಅಭ್ಯಾಸ ಪರೀಕ್ಷೆ ಮುಗಿದ ಮೇಲೆ ಒಬ್ಬಳು ಹುಡುಗಿ ಹಾಳೆ ಹಿಡಿದು ಬಂದಳು.

“ಮೇಡಂ, ನಾನು ಕಪ್ಪು ಅಂತ ಬರೆದೆ. ನಾಲ್ಕೂ ಸೇರಿ ಒಂದು ಗುಂಪು ಅಲ್ವಾ? ಎರಡೂ ತುದಿಗೆ ಕಪ್ಪು, ನಡುವೆ ಎರಡು ಖಾಲಿ. ಗುಂಪು ಮತ್ತೆ ಶುರುವಾದರೆ ಮೊದಲು ಬರೋದು ಕಪ್ಪೇ.”

“ಇನ್ನೊಂದ್ಸಲ ಸರಿಯಾಗಿ ನೋಡು” ಅಂದು ಕಳಿಸಿಬಿಟ್ಟೆ. ಸಂಜೆ ಅದೇ ಪ್ರಶ್ನೆ ನೋಡುತ್ತಾ ಕೂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅವಳು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ನಾಲ್ಕು ಚಿತ್ರ ಇಟ್ಟುಕೊಂಡು ಮೂರರ ಸುತ್ತೋ ನಾಲ್ಕರ ಸುತ್ತೋ ಅಂತ ಯಾರೂ ತೀರ್ಮಾನ ಮಾಡಲಾಗದು. ಮರುದಿನ ತರಗತಿಯಲ್ಲೇ ಅವಳ ಕ್ಷಮೆ ಕೇಳಿದೆ, ಅಂಕ ಕೊಟ್ಟೆ.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸುತ್ತು ಕನಿಷ್ಠ ಎರಡು ಸಲ ಪೂರ್ತಿ ಕಾಣದೆ ಪ್ರಶ್ನೆ ಹೊರಗೆ ಹೋಗಬಾರದು. ಅದೇ ವೃತ್ತಗಳನ್ನು ಆರು ಮಾಡಿ ನೋಡಿ: ಕಪ್ಪು, ಖಾಲಿ, ಖಾಲಿ, ಕಪ್ಪು, ಖಾಲಿ, ಖಾಲಿ. ನಾಲ್ಕರ ಸುತ್ತಾಗಿದ್ದರೆ ಐದನೆಯದು ಮೊದಲನೆಯದರ ಥರ ಕಪ್ಪಾಗಬೇಕಿತ್ತು. ಆಗಿಲ್ಲ. ಅನುಮಾನ ಹೋಯಿತು. ಗಣಿತದ ಕಣ್ಣಲ್ಲಿ ನೋಡಿದರೆ ಇದೂ ಪೂರ್ತಿ ಸಾಕ್ಷಿಯಲ್ಲ, ಯಾವ ಸಾಲನ್ನೂ ಹೇಗೆ ಬೇಕಾದರೂ ಮುಂದುವರಿಸಬಹುದು. ಸಾಲಿಗೆ ಹೊಂದುವ ಅತಿ ಚಿಕ್ಕ ಸುತ್ತೇ ಉತ್ತರ ಅಂತ ನಾವು ಒಪ್ಪಿಕೊಂಡಿರುತ್ತೇವೆ, ಅಷ್ಟೇ. ಆ ಒಪ್ಪಂದವನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಕಡೆ ಹೇಳುವುದೇ ಇಲ್ಲ.

ಇನ್ನು ಬಿಡಿಸುವವರ ಕಷ್ಟ. ನನ್ನ ನಿಯಮಕ್ಕೆ ಒಂದು ಚಿತ್ರ ಕಡಿಮೆಯೇ, ಆದರೂ ಉದಾಹರಣೆಗೆ ಈ ಸಾಲು ನೋಡಿ: ಕಪ್ಪು ವೃತ್ತ, ಖಾಲಿ ಚೌಕ, ಕಪ್ಪು ತ್ರಿಕೋನ, ಖಾಲಿ ವೃತ್ತ, ಕಪ್ಪು ಚೌಕ. ಮುಂದೆ? ಜಾಸ್ತಿ ಜನ ಇಲ್ಲಿ ತಡಕಾಡುತ್ತಾರೆ. ಯಾಕೆಂದರೆ ಐದರಲ್ಲಿ ಒಂದೂ ಚಿತ್ರ ಎರಡನೇ ಸಲ ಬಂದಿಲ್ಲ. “ಇದರಲ್ಲಿ ಪ್ಯಾಟರ್ನೇ ಇಲ್ಲ” ಅನ್ನುತ್ತಾರೆ. ಇದೆ. ಒಂದಲ್ಲ, ಎರಡಿದೆ. ಆಕಾರ ಮೂರರ ಸುತ್ತಿನಲ್ಲಿ ಹೋಗುತ್ತಿದೆ, ಬಣ್ಣ ಎರಡರ ಸುತ್ತಿನಲ್ಲಿ. ಬಣ್ಣ ಮರೆತು ಬರೀ ಆಕಾರ ಓದಿ: ವೃತ್ತ, ಚೌಕ, ತ್ರಿಕೋನ, ವೃತ್ತ, ಚೌಕ. ಮುಂದೆ ತ್ರಿಕೋನ. ಆಕಾರ ಮರೆತು ಬಣ್ಣ ಓದಿ: ಕಪ್ಪು, ಖಾಲಿ, ಕಪ್ಪು, ಖಾಲಿ, ಕಪ್ಪು. ಮುಂದೆ ಖಾಲಿ. ಎರಡೂ ಸೇರಿಸಿದರೆ ಖಾಲಿ ತ್ರಿಕೋನ. ಗಟ್ಟಿಯಾಗಿ ಓದಿಸುತ್ತೇನೆ. ಕಣ್ಣಿಗಿಂತ ಮೊದಲು ಬಾಯಿಗೆ ಲಯ ಸಿಗುವ ಮಕ್ಕಳು ಬೇಕಾದಷ್ಟಿದ್ದಾರೆ.

ಓದಿದರೂ ಹಿಡಿತಕ್ಕೆ ಬಾರದಿದ್ದರೆ ಪಟ್ಟಿ ಸರಿಸುವ ಉಪಾಯ ಇದೆ. ಅದೇ ಸಾಲನ್ನು ಇನ್ನೊಂದು ಕಾಗದದ ಪಟ್ಟಿಯಲ್ಲಿ ಬಿಡಿಸಿ, ಮೊದಲನೆಯದರ ಕೆಳಗೆ ಇಟ್ಟು, ಒಂದೊಂದೇ ಮನೆ ಪಕ್ಕಕ್ಕೆ ಸರಿಸಬೇಕು. ಮೇಲಿನ ಸಾಲನ್ನು ಹನ್ನೆರಡು ಚಿತ್ರದವರೆಗೆ ಎಳೆದು ಸರಿಸಿ ನೋಡಿ. ಎರಡು ಮನೆ ಸರಿಸಿದಾಗ ಬಣ್ಣಗಳು ಮೇಲೆ ಕೆಳಗೆ ಸರಿಹೊಂದುತ್ತವೆ, ಆಕಾರ ಹೊಂದುವುದಿಲ್ಲ. ಮೂರು ಸರಿಸಿದರೆ ಆಕಾರ ಹೊಂದುತ್ತದೆ, ಬಣ್ಣ ಕೆಡುತ್ತದೆ. ಆರು ಸರಿಸಿದಾಗ ಎರಡೂ ಒಟ್ಟಿಗೆ ಕೂರುತ್ತವೆ. ಶಾಲೆಯಲ್ಲಿ ಕಲಿತ ಲ.ಸಾ.ಅ., ಅಂದರೆ 2 ಮತ್ತು 3 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಇಲ್ಲಿ ಕೈಯಲ್ಲೇ ಸಿಗುತ್ತದೆ! ಈ ಪಾಠ ಮಾಡುವ ದಿನ ನನಗೆ ಈಗಲೂ ಖುಷಿಯೇ.

ಸುತ್ತು ಸಿಕ್ಕಿದರೆ ದೂರದ ಚಿತ್ರವನ್ನೂ ಹೇಳಬಹುದು. 50ನೆಯದು ಯಾವುದು? 50ನ್ನು 3ರಿಂದ ಭಾಗಿಸಿದರೆ ಶೇಷ 2, ಅಂದರೆ ಎರಡನೆಯ ಆಕಾರ, ಚೌಕ. 2ರಿಂದ ಭಾಗಿಸಿದರೆ ಶೇಷ 0. ಇಲ್ಲೇ ಎಡವುತ್ತಾರೆ. ಶೇಷ 0 ಅಂದರೆ ಸುತ್ತಿನ ಮೊದಲನೆಯದಲ್ಲ, ಕೊನೆಯದು. ಹಾಗಾಗಿ ಖಾಲಿ ಚೌಕ.

ಒಂದು ಸೂಕ್ಷ್ಮ ನನಗೂ ತಡವಾಗಿ ಗೊತ್ತಾಯಿತು. ಆಕಾರ ನಾಲ್ಕರ ಸುತ್ತು, ಬಣ್ಣ ಎರಡರ ಸುತ್ತು ಅಂದುಕೊಳ್ಳಿ. ನಾಲ್ಕು ಆಕಾರ, ಎರಡು ಬಣ್ಣ, ಒಟ್ಟು ಎಂಟು ಜೋಡಿ ಆಗಬಹುದು. ಆದರೆ ಸಾಲಿನಲ್ಲಿ ಬರುವುದು ನಾಲ್ಕೇ. ಮೊದಲ ಆಕಾರ ಕಪ್ಪಾಗಿ ಶುರುವಾದರೆ ಕೊನೆವರೆಗೂ ಕಪ್ಪೇ. 4 ಮತ್ತು 2ಕ್ಕೆ ಸಾಮಾನ್ಯ ಅಪವರ್ತನ ಇರುವುದರಿಂದ ಹೀಗೆ. 3 ಮತ್ತು 2ಕ್ಕೆ 1 ಬಿಟ್ಟರೆ ಬೇರೆ ಇಲ್ಲ, ಅದಕ್ಕೇ ಅಲ್ಲಿ ಆರೂ ಜೋಡಿ ಬಂದವು. ಇದು ಗೊತ್ತಿದ್ದವರು ಉತ್ತರದ ಆಯ್ಕೆಗಳಲ್ಲಿ ಬರಲಾಗದ ಜೋಡಿ ಇದ್ದರೆ ಅದನ್ನು ನೋಡಿದ ಕೂಡಲೇ ಹೊಡೆದು ಹಾಕಬಹುದು.

ತಿರುಗುವ ಚಿತ್ರಗಳದ್ದು ಬೇರೆಯೇ ಕಥೆ. ಚೌಕವನ್ನು ನಾಲ್ಕು ಭಾಗ ಮಾಡಿ ಒಂದು ಮೂಲೆಗೆ ಕಪ್ಪು ತುಂಬಿ, ಪ್ರತಿ ಸಲ 90 ಡಿಗ್ರಿ ತಿರುಗಿಸಿದರೆ ನಾಲ್ಕರ ಸುತ್ತು. ಎದುರುಬದುರು ಎರಡು ಮೂಲೆಗೆ ತುಂಬಿದರೆ? ತಿರುಗಿಸುವುದು ಅದೇ 90 ಡಿಗ್ರಿ, ಆದರೆ ಕಣ್ಣಿಗೆ ಕಾಣುವುದು ಎರಡರ ಸುತ್ತು. ಪೂರ್ತಿ ತುಂಬಿದರೆ ತಿರುಗಿದ್ದೇ ಗೊತ್ತಾಗುವುದಿಲ್ಲ. ಹಾಗೆಯೇ, ಅರ್ಧ ತುಂಬಿದ ವೃತ್ತ ಮೇಲೆ, ಕೆಳಗೆ, ಮೇಲೆ ಅಂತ ಹೋದರೆ ಎಡಕ್ಕೆ ತಿರುಗಿತೋ ಬಲಕ್ಕೋ ಹೇಳಲಾಗದು. ಅಂಥ ಸಾಲು ಕೊಟ್ಟು “ಯಾವ ದಿಕ್ಕಿಗೆ ತಿರುಗುತ್ತಿದೆ” ಅಂತ ಕೇಳುವುದು ಅನ್ಯಾಯ.

ಮುದ್ರಣದ ಮಾತೂ ಹೇಳಿಬಿಡುತ್ತೇನೆ. ಒಮ್ಮೆ ತಿಳಿ ಬೂದು ಬಣ್ಣ ಬಳಸಿದ್ದೆ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ಜೆರಾಕ್ಸ್ ಆಗಿ ಬಂದಾಗ ಬೂದು ಹೋಗಿ ಖಾಲಿಯಾಗಿತ್ತು, ಮೂರರ ಸುತ್ತು ಮಕ್ಕಳ ಕೈಯಲ್ಲಿ ಹಾಳಾಗಿತ್ತು. ಈಗ ಬೂದು ಬಳಸುವುದೇ ಇಲ್ಲ. ಓರೆ ಗೆರೆ ಅಥವಾ ಚುಕ್ಕೆ ಹಾಕುತ್ತೇನೆ. ಬಣ್ಣ ಗುರುತಿಸಲು ಕಷ್ಟ ಇರುವವರಿಗೂ ಅದೇ ಒಳ್ಳೆಯದು.

ಮೊದಲಿನ ಆ ವೃತ್ತಗಳ ಪ್ರಶ್ನೆಯನ್ನು ನಾನು ಬಿಸಾಡಿಲ್ಲ. ಈಗ ಅದರಲ್ಲಿ ಏಳು ವೃತ್ತಗಳಿವೆ. ಹೊಸ ತಂಡಕ್ಕೆ ಮೊದಲ ದಿನ ಬರೀ ನಾಲ್ಕನ್ನು ತೋರಿಸಿ ಐದನೆಯದು ಯಾವುದು ಅಂತ ಕೇಳುತ್ತೇನೆ. ಉತ್ತರ ಬರೆದಾದ ಮೇಲೆ ಪ್ರತಿಯೊಬ್ಬರೂ ಕಾರಣ ಹೇಳಬೇಕು. ಎಲ್ಲರ ಕಾರಣ ಕೇಳಿ ಮುಗಿಯುವವರೆಗೆ ಉಳಿದ ಮೂರರ ಮೇಲಿನ ಕಾಗದ ತೆಗೆಯುವುದಿಲ್ಲ.